ಶಿಡ್ಲಘಟ್ಟ: ಮೂರು ದಿನದಿಂದ ನೆಟ್ ಇಲ್ಲ, ಕೇಬಲ್‌ನವರು ಲೈನ್ ಸರಿಯಿದೆ ಅಂತಾರೆ, ಯಾರಾದ್ರೂ ದಾರಿ ಹೇಳ್ರಪ್ಪ

ಗೂಡು_ಮನೆ:
ಶುಕ್ರವಾರ ಸಾಯಂಕಾಲ ಸಿಡ್ಲು ಗುಡುಗು ಜೋರು ಮಳೆ ಬಂತು, ಅವತ್ತು ಹೋದ ನೆಟ್ ಇನ್ನೂ ಬಂದಿಲ್ಲ. ನಮ್ಮದು ಲೋಕಲ್ ಕೇಬಲ್‌ನವರ ಫೈಬರ್, 50 ಎಂಬಿ ಪ್ಲಾನ್. ಫೋನ್ ಮಾಡಿದ್ರೆ ಹುಡುಗ "ನಮ್ಮ ಕಡೆ ಎಲ್ಲಾ ಸರಿಯಿದೆ ಅಣ್ಣ, ನಿಮ್ಮ ಬಾಕ್ಸ್ ನೋಡ್ಕೊಳಿ" ಅಂತ ಇಟ್ಬಿಡ್ತಾನೆ. ವೈಫೈ ಬರ್ತಿದೆ, ಮೊಬೈಲ್ ಕನೆಕ್ಟ್ ಆಗ್ತಿದೆ, ನೆಟ್ ಮಾತ್ರ ಇಲ್ಲ. ಆಫ್ ಆನ್ ಎಷ್ಟು ಸಲ ಮಾಡಿದೀನೋ ಲೆಕ್ಕ ಇಲ್ಲ, ರೀಸೆಟ್ಟೂ ಒತ್ತಿದೆ. ತಂಗಿಗೆ ಮನೆಯಿಂದ್ಲೇ ಕೆಲಸ, ಒಳಗೆ ಟವರ್ ಸಿಗಲ್ಲ ಅಂತ ರೇಷ್ಮೆ ಬಿಚ್ಚಾಣಿಕೆ ಶೆಡ್ ಮುಂದೆ ಕುರ್ಚಿ ಹಾಕ್ಕೊಂಡು ಮೀಟಿಂಗ್ ಮಾಡ್ತಿದಾಳೆ, ನೋಡಕ್ಕಾಗ್ತಿಲ್ಲ.

ಕೋಲಾರ_ಫೈಬರ್:
ಲೈಟ್ ಯಾವ್ಯಾವುದು ಉರೀತಿದೆ ಅದನ್ನ ಮೊದಲು ಹೇಳಿ ಸಾರ್. ಎಲ್‌ಓಎಸ್ ಅಂತಿರೋ ಲೈಟ್ ಕೆಂಪಗಿದ್ರೆ ಬೆಳಕೇ ಬರ್ತಿಲ್ಲ ಅಂತ, ಎಲ್ಲೋ ವೈರ್ ತುಂಡಾಗಿದೆ.

ಗೂಡು_ಮನೆ:
ಕೆಂಪು ಇಲ್ಲ. ಪವರ್ ಹಸಿರು, ಪಾನ್ ಅಂತಿರೋದು ಮಿಣುಕ್ತಾನೇ ಇರ್ತದೆ.

ಕೋಲಾರ_ಫೈಬರ್:
ಪಾನ್ ಅಂದ್ರೆ ಕೇಬಲ್ ಆಫೀಸಿನ ಜೊತೆ ಲಿಂಕ್ ಆಗಿದೆಯಾ ಅಂತ ತೋರಿಸೋ ಲೈಟು, ಮಿಣುಕ್ತಿದ್ರೆ ಆಗಿಲ್ಲ ಅಂತ. ಹಂಗಾದ್ರೆ ಸಿಗ್ನಲ್ ವೀಕು. ಮಳೇಲಿ ಕಂಬದ ಮೇಲಿನ ಜಾಯಿಂಟ್ ಬಾಕ್ಸ್‌ಗೆ ನೀರು ಹೋಗಿರ್ತದೆ. ವೈರ್ ತುದೀಲಿರೋ ಫಾಸ್ಟ್ ಕನೆಕ್ಟರ್ ಕತ್ತರಿಸಿ ಹೊಸದು ಹಾಕಿಸಿ. ನಮ್ಮ ಏರಿಯಾದಲ್ಲಿ ಹತ್ರಲ್ಲಿ ಒಂಬತ್ತು ಕೇಸು ಇದೇನೇ.

ತೋಟದ_ವೈಫೈ:
ನೀಲಿ ತಲೆ ಕನೆಕ್ಟರ್ ಹಾಕಿದಾರಾ ಹಸಿರು ತಲೆನಾ ನೋಡಿ. ಹಸಿರಿನ ತುದಿ 8 ಡಿಗ್ರಿ ಓರೆ ಇರ್ತದೆ, ನೀಲಿ ನೆಟ್ಟಗೆ, ಒಂದಕ್ಕೊಂದು ಚುಚ್ಚಿದ್ರೆ ಮಧ್ಯೆ ಸಂದಿ ಬಿದ್ದು ಬೆಳಕು ಸೋರೋಗ್ತದೆ. ಅದಕ್ಕೇ ನಾನು ತಿಪಟೂರು ತೋಟದ ಮನೇಲಿ ಪ್ಯಾಚ್ ಕಾರ್ಡ್ (ಎರಡೂ ತುದೀಲಿ ಕನೆಕ್ಟರ್ ಇರೋ ಚಿಕ್ಕ ಫೈಬರ್ ವೈರ್) ನಾನೇ ತಂದು ಹಾಕಿದೀನಿ.

ಚಿಂತಾಮಣಿ_ಸ್ಪ್ಲೈಸ್:
ಊಹೆ ಬಿಡ್ರಪ್ಪ. ಬಾಕ್ಸ್ ಪೇಜ್ ಓಪನ್ ಮಾಡಿ, ಬ್ರೌಸರ್‌ನಲ್ಲಿ 192.168.1.1 ಹಾಕಿದ್ರೆ ಬರ್ತದೆ, ಸ್ಟೇಟಸ್‌ನಲ್ಲಿ ಆರ್‌ಎಕ್ಸ್ ಪವರ್, ಅಂದ್ರೆ ಬಾಕ್ಸ್‌ಗೆ ಬರ್ತಿರೋ ಬೆಳಕು, ಎಷ್ಟಿದೆ ನೋಡಿ ಹಾಕಿ. ಮೈನಸ್ ನಂಬರ್ ಹೆಚ್ಚಾದಷ್ಟೂ ಬೆಳಕು ಕಮ್ಮಿ. ಮೈನಸ್ 27ರವರೆಗೂ ಓಡ್ತದೆ, ಮೈನಸ್ 25 ದಾಟಿದ್ರೆ ರಿಪೇರಿ ಮಾಡಿಸೋದು ಒಳ್ಳೇದು.

ಗೂಡು_ಮನೆ:
-19.4 ಇದೆ.

ಕೋಲಾರ_ಫೈಬರ್:
ಮಳೆ ನಿಂತಿದೆಯಲ್ಲ, ಅದಕ್ಕೆ ಈಗ ಚೆನ್ನಾಗಿ ತೋರಿಸ್ತಿದೆ. ರಾತ್ರಿ ತಂಪಿಗೆ ಇನ್ನೊಂದು ಸಲ ನೋಡಿ. ನಾನು ಹೇಳ್ತೀನಿ, ಜಾಯಿಂಟೇ.

ಚಿಂತಾಮಣಿ_ಸ್ಪ್ಲೈಸ್:
19.4 ಬರ್ತಿದ್ರೆ ಜಾಯಿಂಟ್ ಯಾಕೆ ಮುಟ್ಟಬೇಕು? ಒಂದು ಫೈಬರಿನ ಬೆಳಕನ್ನ ಎಂಟು ಮನೆಗೆ ಹಂಚೋ ಸ್ಪ್ಲಿಟರ್ ಒಂದೇ 10 ಡಿಬಿ ಮೇಲೆ ತಿಂತದೆ, ಅದೆಲ್ಲಾ ಕಳೆದು ಇಷ್ಟು ಉಳಿದಿದೆ ಅಂದ್ರೆ ಲೈನ್ ಚಿನ್ನದಂಗಿದೆ. ಆ ಹುಡುಗ ಸುಳ್ಳು ಹೇಳ್ತಿಲ್ಲ. ಬೆಳಕು ಬರ್ತಿದೆ, ಪಾನ್ ನಿಲ್ತಿಲ್ಲ ಅಂದ್ರೆ ಆ ಕಡೆ ಓಎಲ್‌ಟಿ (ಕೇಬಲ್ ಆಫೀಸಿನ ಮೇನ್ ಮೆಷಿನ್) ನಿಮ್ಮ ಬಾಕ್ಸ್‌ನ ಒಪ್ಕೊಳ್ತಿಲ್ಲ ಅಂತ. ಗೂಡು_ಮನೆ ಅವರೇ, ಸಿಡ್ಲು ಬಂದಾಗ ಬಾಕ್ಸ್‌ಗೆ ಏನಾದ್ರೂ ಆಯ್ತಾ?

ತೋಟದ_ವೈಫೈ:
ಫೈಬರ್ ಗಾಜು ಸಾರ್, ಅದರಲ್ಲಿ ಸಿಡ್ಲು ಹೆಂಗೆ ಬರ್ತದೆ?

ಚಿಂತಾಮಣಿ_ಸ್ಪ್ಲೈಸ್:
ಗಾಜಲ್ಲಿ ಬರಲ್ಲ, ಅಡಾಪ್ಟರ್‌ನಲ್ಲಿ ಕರೆಂಟ್ ಲೈನಿಂದ ಬರ್ತದೆ. ಕಂಬದಿಂದ ಮನೆಗೆ ಎಳೆಯೋ ಡ್ರಾಪ್ ಕೇಬಲ್‌ಗೆ ಸ್ಟೀಲ್ ತಂತಿನೂ ಇರ್ತದೆ, ಅದನ್ನ ಬಾಕ್ಸ್ ಹತ್ರದವರೆಗೂ ತಂದು ಬಿಟ್ಟಿರೋ ಮನೆಗಳು ನಾನೇ ಎಷ್ಟೋ ನೋಡಿದೀನಿ. ಹೊರಗೋಡೆ ಕ್ಲಾಂಪ್ ಹತ್ರಾನೇ ಬಿಡಿಸಿ ಕತ್ತರಿಸಬೇಕು.

ಗೂಡು_ಮನೆ:
ಹಳೇ ಬಾಕ್ಸ್ ಅವತ್ತೇ ಹೋಯ್ತು, ಅಡಾಪ್ಟರ್ ಪಿನ್ ಹತ್ರ ಕಪ್ಪಗಾಗಿ ಸುಟ್ಟ ವಾಸನೆ. ತುಮಕೂರಿನ ಭಾವನ ಮನೇಲಿ ಒಂದು ಖಾಲಿ ಇತ್ತು, ಶನಿವಾರ ತಂದು ಹಾಕಿದೆ. ಅದು ಚೆನ್ನಾಗೇ ಇದೆ, ಅವರ ಮನೇಲಿ ಎರಡು ವರ್ಷ ಓಡಿದೆ.

ಚಿಂತಾಮಣಿ_ಸ್ಪ್ಲೈಸ್:
ಅಣ್ಣಾ, ಇದನ್ನ ಮೊದಲೇ ಹೇಳ್ಬೇಕಿತ್ತು! ಎರಡೂ ಬಾಕ್ಸ್ ತಿರುಗಿಸಿ ಸ್ಟಿಕ್ಕರ್ ಓದಿ.

ಗೂಡು_ಮನೆ:
ಸುಟ್ಟಿದ್ರ ಮೇಲೆ ಇಪಾನ್ ಓಎನ್‌ಯು (ಮನೆ ಬಾಕ್ಸಿಗೆ ಹಂಗಂತಾರೆ), ಕೆಳಗೆ ಮ್ಯಾಕ್ ಅಂತ ಬಾಕ್ಸಿನ ಗುರುತಿನ ನಂಬರ್ ಮಾತ್ರ. ಭಾವನದರಲ್ಲಿ ಜಿಪಾನ್, ಮ್ಯಾಕ್ ಜೊತೆಗೆ ಇಂಗ್ಲಿಷಿನ ನಾಲ್ಕು ಅಕ್ಷರದಿಂದ ಶುರುವಾಗೋ ಇನ್ನೊಂದು ಸೀರಿಯಲ್ ನಂಬರ್ ಇದೆ.

ಚಿಂತಾಮಣಿ_ಸ್ಪ್ಲೈಸ್:
ಸಿಕ್ತು. ಜಿಪಾನ್, ಇಪಾನ್ ಅಂದ್ರೆ ಫೈಬರ್ ನೆಟ್‌ನ ಎರಡು ಬೇರೆ ಪದ್ಧತಿ. ಯಾವುದೇ ಆಗ್ಲಿ ಕೆಳಗೆ, ಅಂದ್ರೆ ಆಫೀಸಿಂದ ಮನೆ ಕಡೆ, ಬರೋದು 1490 ನ್ಯಾನೋಮೀಟರ್ ಬೆಳಕು, ಮೇಲೆ ಹೋಗೋದು 1310, ಅದಕ್ಕೇ ಪವರ್ 19.4 ಅಂತ ಸರಿಯಾಗೇ ತೋರಿಸ್ತು. ಆದ್ರೆ ಭಾಷೆ ಬೇರೆ. ಜಿಪಾನ್ ಕೆಳಗೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ವೇಗದಲ್ಲಿ ಮಾತಾಡ್ತದೆ, ಇಪಾನ್ 1.25. ನಿಮ್ಮ ಕೇಬಲ್‌ನವರ ಓಎಲ್‌ಟಿ ಇಪಾನ್, ಈ ಬಾಕ್ಸ್‌ಗೆ ಅದರ ಮಾತು ಒಂದಕ್ಷರ ಅರ್ಥ ಆಗಲ್ಲ, ವರ್ಷಗಟ್ಲೆ ಮಿಣುಕ್ಕೊಂಡೇ ಇರ್ತದೆ. ಇಪಾನ್ ಇಲ್ಲಾ ಎಕ್ಸ್‌ಪಾನ್ ಬಾಕ್ಸ್ ತಗೊಳ್ಳಿ, ಎಕ್ಸ್‌ಪಾನ್ ಎರಡಕ್ಕೂ ಆಗ್ತದೆ. ತಂದ ತಕ್ಷಣ ಅದರ ಮ್ಯಾಕ್ ಫೋಟೋ ತೆಗೆದು ಕೇಬಲ್ ಆಫೀಸಿಗೆ ಕಳ್ಸಿ, ಅವರು ಅಲ್ಲಿ ಸೇರಿಸಿದ ಮೇಲೇನೇ ಪಾನ್ ಲೈಟ್ ನಿಲ್ಲೋದು. ಪಿಪಿಪಿಒಇ (ನೆಟ್‌ಗೆ ಲಾಗಿನ್ ಆಗೋ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ (ನೆಟ್ ಯಾವ ದಾರೀಲಿ ಹೋಗ್ಬೇಕು ಅನ್ನೋ ಗುರುತು) ನಂಬರ್ ಮೂರನ್ನೂ ಬರೆಸ್ಕೊಳ್ಳಿ, ಹೊಸ ಬಾಕ್ಸ್‌ನಲ್ಲಿ ಏನೂ ಇರಲ್ಲ.

ಕೋಲಾರ_ಫೈಬರ್:
ಬಾಕ್ಸ್ ಬದಲಾಯಿಸಿದ್ದು ಗೊತ್ತಿದ್ರೆ ನಾನೂ ಇದನ್ನೇ ಹೇಳ್ತಿದ್ದೆ. ಜಾಯಿಂಟ್‌ನೂ ಒಂದ್ಸಲ ನೋಡಿಸಿ.

ಗೂಡು_ಮನೆ (ಮಂಗಳವಾರ ರಾತ್ರಿ):
ಬಂತು! ಕೇಬಲ್ ಆಫೀಸಲ್ಲೇ ಎಕ್ಸ್‌ಪಾನ್ ಬಾಕ್ಸ್ ಕೊಟ್ರು, ಮ್ಯಾಕ್ ಸೇರಿಸಿದ ಎರಡೇ ನಿಮಿಷಕ್ಕೆ ಪಾನ್ ನಿಂತ್ಕೊಳ್ತು. ಆಮೇಲೂ ನೆಟ್ ಬರ್ಲಿಲ್ಲ, ನೋಡಿದ್ರೆ ವಿಲ್ಯಾನ್ ಹಾಕಿರ್ಲಿಲ್ಲ, ಹುಡುಗ ಮನೆಗೇ ಬಂದು ಹಾಕ್ಕೊಟ್ಟ. ಅವನ ಮೇಲೆ ಮೂರು ದಿನ ರೇಗಾಡಿದ್ದೆ, ಕೂರಿಸಿ ಕಾಫಿ ಕೊಟ್ಟು ಕಳಿಸ್ದೆ. ಸ್ಟೀಲ್ ತಂತಿನೂ ಗೋಡೆ ಹೊರಗೇ ಕತ್ತರಿಸಿದಾನೆ. ಚಿಂತಾಮಣಿ ಅಣ್ಣ, ತಂಗಿ ಒಳಗೆ ಕೂತು ಕೆಲಸ ಮಾಡ್ತಿದಾಳೆ, ನಿಮ್ಮ ಉಪಕಾರ ಮರೆಯಲ್ಲ.

ಮಾವಿನ_ಮಂಡಿ:
ಇಲ್ಲೇ ಕೇಳ್ತೀನಿ ಬೇಜಾರಾಗ್ಬೇಡಿ. ಶ್ರೀನಿವಾಸಪುರದಲ್ಲಿ ನಮ್ಮದೂ ಲೋಕಲ್ ಫೈಬರ್ರೇ, ಮಂಡಿಯ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡೋ ಬಾಕ್ಸ್) ಹೊರಗಿಂದ ಓಪನ್ ಆಗ್ತಿಲ್ಲ, ಹೊರಗಿಂದ ಬರೋ ಕನೆಕ್ಷನ್ ಅದಕ್ಕೆ ಹೋಗ್ಲಿ ಅಂತ ಪೋರ್ಟ್ ಫಾರ್ವರ್ಡ್ ಮಾಡಿದೀನಿ.

ಚಿಂತಾಮಣಿ_ಸ್ಪ್ಲೈಸ್:
ಬಾಕ್ಸ್ ಪೇಜ್‌ನಲ್ಲಿ ವ್ಯಾನ್ ಐಪಿ, ಅಂದ್ರೆ ಕೇಬಲ್‌ನವರು ನಿಮ್ಮ ಬಾಕ್ಸ್‌ಗೆ ಕೊಟ್ಟಿರೋ ವಿಳಾಸ, ನೋಡಿ. 100.64ರಿಂದ 100.127ರ ಒಳಗಿದ್ರೆ ಒಂದೇ ಐಪಿನ ಸುಮಾರು ಮನೆಗೆ ಹಂಚಿದಾರೆ, ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದ್ರೂ ಆಗಲ್ಲ. ನಿಮಗೇ ಅಂತ ಬದಲಾಗದ ಸ್ಟ್ಯಾಟಿಕ್ ಐಪಿ ಕೊಡ್ತಾರಾ ಕೇಳಿ, ಇಲ್ಲಾಂದ್ರೆ ಡಿವಿಆರ್ ಕಂಪನಿಯ ಆ್ಯಪ್‌ನಲ್ಲೇ ನೋಡ್ಬೇಕು. ಡಿವಿಆರ್ ಯಾವುದು?

ಮಾವಿನ_ಮಂಡಿ:
ಹೆಸರು ಅಳಿಸೋಗಿದೆ ಸಾರ್. ಬೆಳಿಗ್ಗೆ ಮಂಡಿಗೆ ಹೋಗಿ ಫೋಟೋ ಹಾಕ್ತೀನಿ.