ಸಹಾಯ ಬೇಕು: ಅರುಗಮ್ ಬೇ ಮೇನ್ ಪಾಯಿಂಟ್‌ನಲ್ಲಿ ಸರ್ಫಿಂಗ್ ಮಾಡಿದವರು ಇದ್ದೀರಾ?

ಜುಲೈಯಲ್ಲಿ ಶ್ರೀಲಂಕಾದ ಅರುಗಮ್ ಬೇಗೆ ಹೋಗುತ್ತಿದ್ದೇನೆ. ಆಗ ನಮ್ಮ ಕರಾವಳಿಯಲ್ಲಿ ಮಳೆಗಾಲ, ಕಡಲಿಗೆ ಇಳಿಯುವ ಹಾಗಿಲ್ಲ. ಅಲ್ಲಿ ಮಾತ್ರ ಆಗಲೇ ಸರ್ಫಿಂಗ್ ಸೀಸನ್. ನಾನು ಕಲಿತದ್ದೆಲ್ಲ ಮುಲ್ಕಿಯ ಮರಳಿನ ಮೇಲೆ. ಅಲ್ಲಿನ ಮುಖ್ಯ ಸರ್ಫಿಂಗ್ ಜಾಗವಾದ ಮೇನ್ ಪಾಯಿಂಟ್‌ನಲ್ಲಿ ತಳವೆಲ್ಲ ಕಲ್ಲು, ರೀಫ್ (ನೀರಿನಡಿಯ ಬಂಡೆಸಾಲು). ಅರ್ಚಿನ್ ಅನ್ನೋ ಕಡಲಜೀವಿಯ ಮುಳ್ಳು ಬೇರೆ! ಅಲೆ ಬಲಕ್ಕೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ನಾನು ಗೂಫಿ, ಬಲಗಾಲು ಮುಂದೆ. ಅಂದರೆ ಪೂರ್ತಿ ಸವಾರಿ ಅಲೆಗೆ ಬೆನ್ನು ಹಾಕಿಕೊಂಡೇ ಅಲ್ವಾ?

ಹೋಗಿ ಬಂದವರು ಹೇಳಿ. ರೀಫ್ ಬೂಟು ಬೇಕಾ, ಸುಮ್ನೆ ಭಾರವಾ? ತುದಿಯಲ್ಲಿ ಬಂಡೆ ದಾಟಿ ಇಳಿಯಬೇಕಾ, ಕೊಲ್ಲಿಯ ಒಳಗಿಂದ ಸುತ್ತಿ ಪ್ಯಾಡಲ್ ಮಾಡುವುದು ವಾಸಿನಾ? ಪೀಕ್‌ಗೆ (ಅಲೆ ಮೊದಲು ಒಡೆಯುವ ಜಾಗ) ಹತ್ತಿರ ಇದ್ದವರದೇ ಅಲೆ, ಆ ನಿಯಮ ಗೊತ್ತು. ಆದರೆ ಜನ ಜಾಸ್ತಿ ಇದ್ದಾಗ ಹೊಸಬರಿಗೆ ಏನಾದರೂ ಸಿಗುತ್ತದಾ? ಮೊದಲು ಹತ್ತಿರದ ಇನ್ನೊಂದು ಸರ್ಫಿಂಗ್ ಜಾಗ ಪೀನಟ್ ಫಾರ್ಮ್‌ನಲ್ಲಿ ಬ್ಯಾಕ್‌ಸೈಡ್ (ಅಲೆಗೆ ಬೆನ್ನು ಹಾಕಿ ಸವಾರಿ) ಅಭ್ಯಾಸ ಮಾಡೋಣ ಅಂತಿದ್ದೇನೆ. ಸರಿಯಾ?