ಸಚಿವರ ಟಿಪ್ಪಣಿಯ ಮೇಲಾದ ವರ್ಗಾವಣೆ: ಕೆಎಟಿಗೆ ಹೋಗುವ ಮುನ್ನ

ಪ್ರಶ್ನೆ (ಮಂಡ್ಯ):
ನನ್ನ ಅಕ್ಕ ಇಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಈ ಸ್ಥಳಕ್ಕೆ ಬಂದು ವರ್ಷ ತುಂಬುವ ಮೊದಲೇ ಅವರನ್ನು ಬೇರೆ ಜಿಲ್ಲೆಗೆ ವರ್ಗಾಯಿಸಲಾಗಿದೆ. ಆದೇಶದ ‘ಉಲ್ಲೇಖ’ದಲ್ಲಿ ಮಾನ್ಯ ಸಚಿವರ ಟಿಪ್ಪಣಿಯ ಸಂಖ್ಯೆ, ದಿನಾಂಕಗಳಿವೆಯೇ ಹೊರತು ಕಾರಣದ ಬಗ್ಗೆ ಒಂದು ಪದವೂ ಇಲ್ಲ. ಕೊಟ್ಟ ಮನವಿಗೆ ಉತ್ತರವೂ ಬಂದಿಲ್ಲ. ನೇರವಾಗಿ ಹೈಕೋರ್ಟಿಗೆ ಹೋಗಬಹುದೇ? ಸಚಿವರನ್ನು ಪ್ರತಿವಾದಿಯನ್ನಾಗಿ ಮಾಡಬೇಕೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಮೈಸೂರು, ವಕೀಲ):
ಮೊದಲು ಹೋಗಬೇಕಾದದ್ದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ (ಕೆಎಟಿ). ಸಂವಿಧಾನದ 323ಎ ವಿಧಿ ಮತ್ತು 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ ಆಧಾರದಲ್ಲಿ ಅದು 1986ರಿಂದ ರಾಜ್ಯ ನೌಕರರ ಸೇವಾ ವಿವಾದಗಳನ್ನು ನೋಡುತ್ತಿದೆ. ಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ ಆಮೇಲೆ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ರಿಟ್ ಸಲ್ಲಿಸಬಹುದು ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಹೇಳಿದೆ.

ಸಚಿವರ ಟಿಪ್ಪಣಿ ಇದೆ ಎಂಬ ಒಂದೇ ಕಾರಣಕ್ಕೆ ಆದೇಶ ಬಿದ್ದುಹೋಗುವುದಿಲ್ಲ. ಜನಪ್ರತಿನಿಧಿಯ ಶಿಫಾರಸಿನಿಂದಷ್ಟೇ ವರ್ಗಾವಣೆ ಅಸಿಂಧುವಾಗದು ಎಂಬ 2007ರ ಸುಪ್ರೀಂ ಕೋರ್ಟ್ ತೀರ್ಪನ್ನು ಸರ್ಕಾರಿ ವಕೀಲರು ಮೊದಲ ದಿನವೇ ಮುಂದಿಡಬಹುದು. ನೀವು ತೋರಿಸಬೇಕಾದದ್ದು ಬೇರೆ: ಆದೇಶಕ್ಕೆ ಸಹಿ ಹಾಕಿದ ಸಕ್ಷಮ ಪ್ರಾಧಿಕಾರಿ ಸ್ವಂತ ವಿವೇಚನೆ ಬಳಸದೆ, ಬಂದ ಟಿಪ್ಪಣಿಗೆ ಬರೀ ಮುದ್ರೆ ಒತ್ತಿದ್ದಾರೆ ಎಂಬುದನ್ನು. ಅವಧಿಪೂರ್ವ ವರ್ಗಾವಣೆಗೆ ವರ್ಗಾವಣಾ ಮಾರ್ಗಸೂಚಿ ಕೇಳುವ ಕಾರಣ ಕಡತದಲ್ಲಿ ದಾಖಲಾಗಿದೆಯೇ ಎಂಬುದರ ಮೇಲೆ ನಿಮ್ಮ ವಾದ ನಿಲ್ಲುತ್ತದೆ.

ಸಚಿವರು ದುರುದ್ದೇಶದಿಂದ ಮಾಡಿಸಿದ್ದಾರೆ ಎಂದು ಆರೋಪಿಸುವುದಾದರೆ ಮಾತ್ರ ಅವರನ್ನು ಹೆಸರು ಹಿಡಿದು ಪ್ರತಿವಾದಿಯನ್ನಾಗಿ ಮಾಡಿ, ವಿವರ ಸಮೇತ ಪ್ರಮಾಣಪತ್ರದಲ್ಲಿ ಹೇಳಬೇಕು. ಪುರಾವೆಯಿಲ್ಲದೆ ಆ ದಾರಿ ಹಿಡಿಯಬೇಡಿ. ಗಟ್ಟಿಯಾದ ವಾದವೂ ಅದರಿಂದ ಸಡಿಲವಾಗುತ್ತದೆ.

ಉತ್ತರ (ಮೈಸೂರು, ನಿವೃತ್ತ ಶಿರಸ್ತೇದಾರ್):
ವಕೀಲರ ಮಾತಿಗೆ ಒಂದು ಸೇರಿಸುತ್ತೇನೆ. ತಡೆಯಾಜ್ಞೆ ಬರಬಹುದೆಂದು ಕಾದು, ಕಾರ್ಯಮುಕ್ತರಾದ ಮೇಲೂ ಹೊಸ ಸ್ಥಳಕ್ಕೆ ಹಾಜರಾಗದೆ ಮನೆಯಲ್ಲಿ ಉಳಿದ ಒಳ್ಳೆಯ ನೌಕರರು ಅನಧಿಕೃತ ಗೈರುಹಾಜರಿಯ ನೋಟಿಸು ಪಡೆದು ನರಳಿದ್ದನ್ನು ಕಂಡು ನೊಂದಿದ್ದೇನೆ. ತಂಗಿಗೆ ಹೇಳುವಂತೆ ಹೇಳುತ್ತೇನೆ: ತಡೆಯಾಜ್ಞೆ ಕೈಗೆ ಬರುವ ಮುನ್ನ ಕಾರ್ಯಮುಕ್ತಗೊಳಿಸಿದರೆ, ನ್ಯಾಯಮಂಡಳಿಯಲ್ಲಿ ಹಕ್ಕು ಕಾಯ್ದಿರಿಸಿಕೊಂಡಿರುವುದಾಗಿ ಬರೆದುಕೊಟ್ಟು ಹೊಸ ಕಚೇರಿಗೆ ಹಾಜರಾಗಲಿ. ಪ್ರಭಾರ ಪಟ್ಟಿಯ (ಒಪ್ಪಿಸಿಕೊಟ್ಟ ಕಡತ, ವಸ್ತುಗಳ ಪಟ್ಟಿ) ಪ್ರತಿಗೆ ದಿನಾಂಕ ಸಮೇತ ಸ್ವೀಕೃತಿ ಪಡೆಯಲಿ. ಮನವಿಯ ಮೇಲೆ ಮನವಿ ಕೊಡುತ್ತಾ ಕೂರುವುದೂ ಬೇಡ. ಅದರಿಂದ ಕಾಲಮಿತಿ ಮುಂದಕ್ಕೆ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕಡತದ ಟಿಪ್ಪಣಿ ಹಾಳೆಗಳಿಗಾಗಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದೇವೆ. ಉತ್ತರ ಬರುವವರೆಗೆ ಕಾಯಬೇಕೇ?

ಉತ್ತರ (ಮೈಸೂರು, ವಕೀಲ):
ಕಾಯಬೇಡಿ. ಅದಕ್ಕೆ 30 ದಿನಗಳ ಅವಕಾಶವಿದೆ, ವರ್ಗಾವಣೆಯಲ್ಲಿ ಅಷ್ಟು ದಿನ ಕಳೆದರೆ ಆ ಹುದ್ದೆಗೆ ಬೇರೊಬ್ಬರು ಬಂದು ಕೂತಿರುತ್ತಾರೆ. ದಾಖಲೆ ಹಾಜರುಪಡಿಸಲು ಆದೇಶಿಸುವ ಅಧಿಕಾರ ಆ 1985ರ ಕಾಯ್ದೆಯ 22ನೇ ಕಲಮಿನಡಿ ಮಂಡಳಿಗೇ ಇದೆ. ಈ ವಾರವೇ ಬೆಂಗಳೂರಿನ ಪೀಠದಲ್ಲಿ ಅರ್ಜಿ ಸಲ್ಲಿಸಿ, ಮಧ್ಯಂತರ ತಡೆಯಾಜ್ಞೆಯ ಕೋರಿಕೆಯ ಜೊತೆಗೆ ಮೂಲ ಕಡತ ತರಿಸಿಕೊಳ್ಳುವಂತೆಯೂ ಕೇಳಿ.