ಚಾವಟಿ ಫೋಟೋ

ದೊಡ್ಡಪ್ಪ: (ಫಾರ್ವರ್ಡ್ ಫೋಟೋ) ಯೇಸು ಹೇಡಿ ಅಲ್ಲ, ದೇವಾಲಯದಲ್ಲಿ ಚಾವಟಿ ಬೀಸಿದವನು! ಆ ಪಕ್ಷದವರಿಗೆ ಪ್ರಾರ್ಥನೆ ಸಾಲದು, ಏಟೇ ಬೇಕು. ಆಮೆನ್ ಅನ್ನೋರು ಶೇರ್ ಮಾಡಿ

ಚಿಕ್ಕಪ್ಪ: ಆಮೆನ್ 🙏🙏

ನಾನು: ದೊಡ್ಡಪ್ಪ ಬೇಜಾರ್ ಮಾಡ್ಕೋಬೇಡಿ, ಯೋಹಾನ 2 ಒಂದ್ಸಲ ತೆಗೆದು ನೋಡಿ. ಈ ಘಟನೆ ನಾಲ್ಕೂ ಸುವಾರ್ತೇಲಿ ಇದೆ, ಚಾವಟಿ ಇರೋದು ಯೋಹಾನದಲ್ಲಿ ಮಾತ್ರ, ಅಲ್ಲೂ ವ್ಯಾಪಾರಿಗಳನ್ನ ದನ ಕುರಿ ಸಮೇತ ಹೊರಗೆ ಅಟ್ಟಿದ್ರು, ಮೇಜು ಕೆಡವಿದ್ರು, ಪಾರಿವಾಳ ಮಾರೋರಿಗಂತೂ ಬಾಯಲ್ಲೇ ಹೇಳಿದ್ರು ಇವನ್ನ ತಗೊಂಡ್ ಹೋಗಿ ಅಂತ. ಒಬ್ಬನ ಮೈಮೇಲೆ ಏಟು ಬಿತ್ತು ಅಂತ ಎಲ್ಲೂ ಬರೆದಿಲ್ಲ

ದೊಡ್ಡಪ್ಪ: ನಿಂಗೆ ಸಂಡೇ ಸ್ಕೂಲಲ್ಲಿ ಪಾಠ ಹೇಳಿದ್ದೇ ನಾನು. ಬಟ್ಟೆ ಮಾರಿಯಾದ್ರೂ ಕತ್ತಿ ಕೊಂಡ್ಕೊಳ್ಳಿ ಅಂತ ಲೂಕ 22:36ರಲ್ಲಿ ಇದ್ಯಲ್ಲ, ಅದನ್ಯಾಕೆ ಬಿಟ್ಟೆ

ನಾನು: ಬಿಟ್ಟಿಲ್ಲ, ಎರಡೇ ವಚನ ಮುಂದೆ ಹೋಗಿ, ಶಿಷ್ಯರು ಎರಡು ಕತ್ತಿ ಇದೆ ಅಂತಾರೆ, ಸ್ವಾಮಿ ಸಾಕು ಅಂತಾರೆ. ಅಷ್ಟು ಜನಕ್ಕೆ ಎರಡು ಕತ್ತಿ ಇಟ್ಕೊಂಡು ಯಾವ ಯುದ್ಧ ಮಾಡೋದು? ಆವತ್ ರಾತ್ರಿನೇ ಶಿಷ್ಯ ಪೇತ್ರ ಬೀಸಿದ, ಮಹಾಯಾಜಕನ ಆಳು ಮಲ್ಕನ ಬಲಗಿವಿ ಹೋಯ್ತು. ಹಿಡ್ಕೊಂಡ್ ಹೋಗೋಕೆ ಬಂದೋನ ಕಿವಿ ಮುಟ್ಟಿ ವಾಸಿ ಮಾಡಿದ್ರು. ಗಾಯ ಮಾಡಿದ್ದು ಯಾರು? ನಮ್ಮ ಕಡೆಯವನೇ

ತಮ್ಮ: ಅಕ್ಕ, ಜರ್ಮನಿಯ ಬಾನ್‌ಹಾಫರ್ ಪಾಸ್ಟರ್ ಅಲ್ವಾ, ಹಿಟ್ಲರನ್ನ ಕೊಲ್ಲೋ ಸಂಚಿನವರ ಜೊತೆ ಸೇರಿದ್ರು, 1945ರಲ್ಲಿ ಗಲ್ಲಿಗೆ ಹಾಕಿದ್ರು. ಅವರ ಭಕ್ತಿ ಸುಳ್ಳಾ?

ನಾನು: ಅದಕ್ಕೆ ನನ್ ಹತ್ರ ಸುಲಭದ ಉತ್ತರ ಇಲ್ಲ ಕಣೋ, ನಿಜ. ಆದ್ರೆ ಅವರು ಅದನ್ನ ಪುಣ್ಯ ಅಂದ್ಕೊಳ್ಲಿಲ್ಲ, ತಪ್ಪಿನ ಹೊರೆ ಅಂತ ತಿಳಿದೇ ಹೊತ್ಕೊಂಡ್ರು. ಆಮೆನ್ ಅಂತ ಶೇರ್ ಮಾಡಿ ಅನ್ಲಿಲ್ಲ 😐 ಮತ್ತೆ ಎದುರಿಗಿರೋದು ಹಿಟ್ಲರಾ? ಬೇರೆ ಪಕ್ಷಕ್ಕೆ ಓಟ್ ಹಾಕಿದ ಜನ ಅಷ್ಟೇ. ಆಳೋರ ಪರ ಸುಂಕ ಎತ್ತಿದ ಮತ್ತಾಯ, ಆಳೋರನ್ನ ವಿರೋಧಿಸೋ ಪಂಗಡದ ಹೆಸರು ಹೊತ್ತ ಮತಾಭಿಮಾನಿ ಸೀಮೋನ, ಇಬ್ರನ್ನೂ ಶಿಷ್ಯರಾಗಿ ಒಂದೇ ಪಂಕ್ತೀಲಿ ಕೂರಿಸಿದ್ರಲ್ಲ ಸ್ವಾಮಿ

ಚಿಕ್ಕಪ್ಪ: ಹಾಗಂತ ಅನ್ಯಾಯ ಆದ್ರೂ ಬಾಯಿ ಮುಚ್ಕೊಂಡ್ ಇರ್ಬೇಕಾ

ನಾನು: ಬಾಯಿ ಮುಚ್ಚಿ ಅಂತ ಯಾರಂದ್ರು ಚಿಕ್ಕಪ್ಪ? 1989 ಅಕ್ಟೋಬರ್ 9, ಪೂರ್ವ ಜರ್ಮನಿಯ ಲೈಪ್‌ಜಿಗ್, ನಿಕೊಲಾಯ್ ಚರ್ಚಲ್ಲಿ ಸೋಮವಾರದ ಪ್ರಾರ್ಥನೆ, ಆಮೇಲೆ ಬೀದೀಲಿ ಸರ್ಕಾರದ ವಿರುದ್ಧ ಸುಮಾರು 70,000 ಜನ, ಎದುರಿಗೆ ಪೊಲೀಸ್. ಮೊಂಬತ್ತಿ ಒಂದು ಕೈಲಿ, ಗಾಳಿಗೆ ಆರದ ಹಾಗೆ ಇನ್ನೊಂದು ಕೈ ಅಡ್ಡ, ಕಲ್ಲು ಎತ್ತೋಕೆ ಮೂರನೇ ಕೈ ಎಲ್ಲಿಂದ ಬರ್ಬೇಕು! ಗುಂಡು ಹಾರಲಿಲ್ಲ, ಸರಿಯಾಗಿ ತಿಂಗಳಿಗೆ ಬರ್ಲಿನ್ ಗೋಡೆ ತೆರೀತು

ಚಿಕ್ಕಪ್ಪ: ಎಲ್ಲಾ ಕಡೆ ಹಾಗಾಗಲ್ಲ

ನಾನು: ಆಗಲ್ಲ, ಒಪ್ತೀನಿ. ಶಿಲುಬೆನೂ ಇದೆ. ಆದ್ರೂ ಮತ್ತಾಯ 5:44ರಲ್ಲಿ ಗೆಲ್ಲೋದಾದ್ರೆ ಮಾತ್ರ ವೈರಿನ ಪ್ರೀತಿಸಿ ಅಂತ ಇಲ್ವಲ್ಲ

ಅತ್ತೆ: ಎಲ್ರೂ ವಚನ ಎಣಿಸ್ತಾ ಕೂತಿದೀರ. ಇವರು ಬೆಳಿಗ್ಗೆ ಆ ಫೋಟೋ ನೋಡಿ ಫೋನ್ ಮಗುಚಿಟ್ಟು ಎದ್ದು ಹೋದ್ರು, ಇನ್ನೂ ಮಾತಾಡಿಲ್ಲ. ಆ ಪಕ್ಷದವರು ನಮ್ಮನೇಲೇ ಇದಾರಲ್ಲ ಅಣ್ಣ. ಏಟು ಹಾಕೋದಾದ್ರೆ ಮೊದ್ಲು ಇಲ್ಲಿಗೇ ಬನ್ನಿ

ದೊಡ್ಡಪ್ಪ: ಭಾವನೋರ ಬಗ್ಗೆ ಅಲ್ಲಮ್ಮ ನಾನ್ ಹಾಕಿದ್ದು

ಅತ್ತೆ: ಫೋಟೋದಲ್ಲಿ ಹಾಗಂತ ಬರೆದಿಲ್ವಲ್ಲ

(ಇಪ್ಪತ್ತು ನಿಮಿಷ ಯಾರೂ ಏನೂ ಇಲ್ಲ)

ದೊಡ್ಡಪ್ಪ: ಚಾವಟಿ ಇರ್ಲಿ. ಏಟಿನ ಸಾಲು ಮಾತ್ರ ತೆಗೆದು ಮತ್ತೆ ಹಾಕ್ತೀನಿ. ತೆಗೆಯೋದು ಹೇಗೆ ಅಂತ ಯಾರಾದ್ರೂ ಹೇಳಿ